ಕಲ್ಲು ಸುಟ್ಟಾಗ ಯಾರ ಖಾತೆ ಬದಲಾಯಿತು?

(ಸೇಡಂನಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)

ಮುಂದಿನ ಕುರ್ಚಿಗಳು ಖಾಲಿ ಇದ್ದರೂ ಹಿಂದೆ ಗೋಡೆಗೆ ಒರಗಿ ನಿಂತಿರುವ ಪಿಯುಸಿ ಮಕ್ಕಳೇ,

ಈ ದತ್ತಿ ಇಟ್ಟವರು ಎರಡು ಷರತ್ತು ಹಾಕಿದ್ದಾರೆ. ಉಪನ್ಯಾಸ ಕನ್ನಡದಲ್ಲಿ ಇರಬೇಕು. ಪಿಯುಸಿ ರಸಾಯನಶಾಸ್ತ್ರದ ಯಾವುದಾದರೂ ಒಂದೇ ಪಾಠದ ಮೇಲೆ ಇರಬೇಕು, ಅದರಾಚೆ ಹೋಗಬಾರದು. ಮೊದಲನೆಯದು ನನಗೆ ಸಲೀಸು. ಎರಡನೆಯದು ಕಷ್ಟ, ಯಾಕೆಂದರೆ ಮೂರು ದಶಕ ಪಾಠ ಹೇಳಿದವನಿಗೆ ಪಾಠ ಬಿಟ್ಟು ಊರು ಸುತ್ತುವ ಚಟ ಹತ್ತಿರುತ್ತದೆ. ನಾನು ಆರಿಸಿಕೊಂಡದ್ದು ಉತ್ಕರ್ಷಣ ಮತ್ತು ಅಪಕರ್ಷಣ ಕ್ರಿಯೆಗಳ ಬಗೆಗಳು, ಅಂದರೆ ರೆಡಾಕ್ಸ್ ಪಾಠ. ಊರು ಸುತ್ತುವುದನ್ನು ಮಾತ್ರ ಬಿಡುವುದಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಇವಿಷ್ಟರ ಗಡಿಯೊಳಗೇ ಈ ಪಾಠವನ್ನು ಮುಗಿಸಬಹುದು ಎಂಬುದು ನನ್ನ ಪಂಥ. ಒಂದು ಸಲ ಮಾತ್ರ ಪಕ್ಕದ ಶಹಾಪುರಕ್ಕೆ ಕಾಲಿಡುತ್ತೇನೆ, ದತ್ತಿಯವರು ಕ್ಷಮಿಸಬೇಕು.

ನಾನು ಪಿಯುಸಿ ಓದುವಾಗ ಕಿರುಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂತು: ವಿಭಜನೆಯಾಗಿಯೂ ರೆಡಾಕ್ಸ್ ಆಗಿಯೂ ಇರುವ ಒಂದು ಕ್ರಿಯೆಗೆ ಉದಾಹರಣೆ ಕೊಡಿ. ಚಿತ್ತಾಪುರ ಸೀಮೆಯ ಹುಡುಗ ನಾನು. ನಡೆಯಲು ಕಲಿತದ್ದೇ ಪರಸಿ ಕಲ್ಲಿನ ಮೇಲೆ, ಅಂದರೆ ಸುಣ್ಣದ ಕಲ್ಲಿನ ಚಪ್ಪಡಿಯ ಮೇಲೆ, ಆಡಿದ್ದು ಸುಣ್ಣದ ಭಟ್ಟಿಯ ಹಿಂದೆ. ಹೆಮ್ಮೆಯಿಂದ ಬರೆದೆ: ಸುಣ್ಣದ ಕಲ್ಲನ್ನು ಕಾಯಿಸಿದರೆ ಸುಟ್ಟ ಸುಣ್ಣ ಉಳಿದು ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. ಮೇಷ್ಟ್ರು ಸೊನ್ನೆ ಹಾಕಿದರು. ಜಗಳಕ್ಕೆ ಹೋದೆ. ಕಲ್ಲು ಬೆಂಕಿ ಕಂಡಿದೆ, ಒಡೆದು ಎರಡಾಗಿದೆ, ಅನಿಲ ಹೊರಗೆ ಬಿದ್ದಿದೆ, ಮತ್ತೇನು ಬೇಕು ಸರ್ ನಿಮಗೆ? ಅವರು ತಲೆ ಎತ್ತದೆ ಕೇಳಿದರು: ‘ಯಾರ ಖಾತ್ಯಾಗ ಏನ್ ಬದಲಾತು, ಅಷ್ಟು ಹೇಳು.’ ನನಗೆ ಹೇಳಲು ಬರಲಿಲ್ಲ. ಈವತ್ತಿನ ಮಾತೆಲ್ಲ ಆ ಒಂದು ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಖಾತೆ ಎಂದರೇನು? ಎಲೆಕ್ಟ್ರಾನು ಋಣ ಆವೇಶದ ಕಣ. ಈ ಋಣ ಎಂಬ ಪದವನ್ನು ಕಿರಾಣಿ ಅಂಗಡಿಯ ಉದ್ರಿ ವಹಿಯಲ್ಲಿರುವ ಅರ್ಥದಲ್ಲೇ ಹಿಡಿಯಿರಿ, ಪಾಠ ತಾನಾಗಿ ಬಿಡಿಸಿಕೊಳ್ಳುತ್ತದೆ. ಎಲೆಕ್ಟ್ರಾನು ಕಳೆದುಕೊಂಡ ಪರಮಾಣು ಸಾಲ ಕಳೆದುಕೊಂಡಿತು, ಅದರ ಅಂಕ, ಪುಸ್ತಕದ ಮಾತಿನಲ್ಲಿ ಉತ್ಕರ್ಷಣ ಸಂಖ್ಯೆ, ಮೇಲೇರಿತು. ಅದೇ ಉತ್ಕರ್ಷಣ. ಎಲೆಕ್ಟ್ರಾನು ಪಡೆದದ್ದು ಸಾಲ ಹೊತ್ತಿತು, ಅಂಕ ಕೆಳಗಿಳಿಯಿತು. ಅದು ಅಪಕರ್ಷಣ. ಒಬ್ಬರ ಸಾಲ ಹರಿಯಬೇಕಾದರೆ ಇನ್ನೊಬ್ಬರು ಅದನ್ನು ಹೊರಲೇಬೇಕು, ಹಾಗಾಗಿ ಇವೆರಡೂ ಜೋಡಿಯಾಗಿಯೇ ನಡೆಯುತ್ತವೆ. ಇಂಗ್ಲಿಷಿನ ಹೆಸರು ಆಕ್ಸಿಜನ್‌ಗೆ ಜೋತುಬಿದ್ದಿದೆ. ಆಕ್ಸಿಜನ್ನೇ ಇಲ್ಲದ ಕಡೆಯೂ ಆಕ್ಸಿಡೇಷನ್ ನಡೆಯುತ್ತದೆ ಎಂದು ಹುಡುಗರಿಗೆ ತಿಳಿಸಿ ಹೇಳುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ. ಏರುವುದು ಉತ್ಕರ್ಷ, ಇಳಿಯುವುದು ಅಪಕರ್ಷ ಎನ್ನುವ ನಮ್ಮ ಪುಸ್ತಕದ ಪದಗಳಲ್ಲಿ ಅಂಕ ಯಾವ ಕಡೆಗೆ ಹೋಯಿತು ಎಂಬುದು ಹೆಸರಿನಲ್ಲೇ ಇದೆ. ಎಲ್ಲ ಪದಕ್ಕೂ ಈ ಅದೃಷ್ಟವಿಲ್ಲ. ಆಮ್ಲಜನಕ ಎಂದರೆ ಆಮ್ಲವನ್ನು ಹುಟ್ಟಿಸುವುದು. ಆಮ್ಲಗಳಿಗೆಲ್ಲ ಅದೇ ತಾಯಿ ಎಂದು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಲವಾಸಿಯೆ ನಂಬಿದ್ದ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕದ ಸುಳಿವೇ ಇಲ್ಲವೆಂದು ಹಂಫ್ರಿ ಡೇವಿ 1810ರ ಹೊತ್ತಿಗೆ ತೋರಿಸಿಕೊಟ್ಟ. ಆ ಫ್ರೆಂಚ್ ತಪ್ಪು ಕನ್ನಡಕ್ಕೆ ಅನುವಾದವಾಗಿ ಬಂದು ನಮ್ಮ ಆಸ್ಪತ್ರೆಯ ಸಿಲಿಂಡರ್‌ಗಳ ಮೇಲೆ ಕೂತಿದೆ. ಇರಲಿ.

ಈಗ ಕಲ್ಲಿನ ಖಾತೆ ತೆಗೆಯೋಣ. ಸುಣ್ಣದ ಕಲ್ಲು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅದರಲ್ಲಿ ಕ್ಯಾಲ್ಸಿಯಂ ಖಾತೆ +2, ಇಂಗಾಲದ್ದು +4, ಆಮ್ಲಜನಕದ್ದು −2. ಭಟ್ಟಿಯಲ್ಲಿ 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿ. ಕಲ್ಲು ಒಡೆಯುತ್ತದೆ. ಸುಣ್ಣದಲ್ಲಿ ಕ್ಯಾಲ್ಸಿಯಂ +2, ಆಮ್ಲಜನಕ −2. ಹಾರಿಹೋದ ಅನಿಲದಲ್ಲಿ ಇಂಗಾಲ +4, ಆಮ್ಲಜನಕ −2. ಒಂದು ಅಂಕವೂ ಅತ್ತಿತ್ತ ಆಗಿಲ್ಲ. ಅಷ್ಟು ಉರಿ, ಅಷ್ಟು ಧೂಳು, ಅಷ್ಟು ಸದ್ದು, ಆದರೂ ಒಂದು ಎಲೆಕ್ಟ್ರಾನಿನ ಸಾಲವೂ ಕೈ ಬದಲಾಯಿಸಿಲ್ಲ. ಇದ್ದ ಮನೆಯನ್ನು ಖಾಲಿ ಮಾಡಿ ಇಬ್ಬರು ಬೇರೆ ಬೇರೆ ಓಣಿಗೆ ಹೋದರು, ಯಾರ ಸಾಲವೂ ಹೆಚ್ಚಲಿಲ್ಲ, ಕಡಿಮೆಯೂ ಆಗಲಿಲ್ಲ. ಈ ಸೀಮೆಯ ಅತಿ ದೊಡ್ಡ ರಾಸಾಯನಿಕ ಕ್ರಿಯೆ, ಮಳಖೇಡ, ವಾಡಿ, ಸೇಡಂ, ಇಟಗಾ, ಛತ್ರಸಾಲಗಳ ಸಿಮೆಂಟ್ ಗೂಡುಗಳಲ್ಲಿ ಹಗಲು ರಾತ್ರಿ ನಡೆಯುವ ಕ್ರಿಯೆ, ನಮ್ಮ ಪಾಠದ ಹೊರಗಿನದು. ಪುಸ್ತಕದಲ್ಲೂ ಈ ಮಾತು ಇದೆ. ವಿಭಜನ ಕ್ರಿಯೆಗಳೆಲ್ಲ ರೆಡಾಕ್ಸ್ ಅಲ್ಲ ಎಂದು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತದೆ. ಆ ಒಂದು ಸಾಲಿನ ಮೇಲೆ ನಮ್ಮ ಐದು ಊರು ಕೂತಿವೆ.

ಗೂಡಿನ ಬಾಯಿಗೆ ಬನ್ನಿ. ಒಳಗಿನ ಸರಕು 1450 ಡಿಗ್ರಿಗೆ ಏರಬೇಕು, ಆಗಲೇ ಸುಣ್ಣ, ಮರಳಿನಂಶ, ಅಲ್ಯುಮಿನ, ಕಬ್ಬಿಣ ಎಲ್ಲ ಕೂಡಿ ಕ್ಲಿಂಕರ್ ಉಂಡೆಯಾಗುತ್ತದೆ. ಆ ಶಾಖ ಕೊಡುವುದು ಕಲ್ಲಿದ್ದಲು, ಪೆಟ್‌ಕೋಕ್. ಕಲ್ಲಿದ್ದಲಿನ ಇಂಗಾಲದ ಖಾತೆ ಸೊನ್ನೆಯ ಆಸುಪಾಸು. ಉರಿದು ಇಂಗಾಲದ ಡೈಆಕ್ಸೈಡ್ ಆದಾಗ +4. ಗಾಳಿಯ ಆಮ್ಲಜನಕ ಸೊನ್ನೆಯಿಂದ −2ಕ್ಕೆ ಇಳಿದು ಆ ಸಾಲವನ್ನೆಲ್ಲ ಹೊತ್ತುಕೊಂಡಿತು. ಇದು ಅಪ್ಪಟ ರೆಡಾಕ್ಸ್, ಪುಸ್ತಕದ ಮೊದಲ ಬಗೆಯಾದ ಸಂಯೋಗ ಕ್ರಿಯೆ.

ಈಗ ಚಿಮಣಿಯ ತುದಿ ನೋಡಿ. ಅಲ್ಲಿಂದ ಹೊರಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಎರಡು ವಂಶ ಇವೆ. ಒಂದರ ಇಂಗಾಲ ಕಲ್ಲಿದ್ದಲಿನಿಂದ ಬಂದು ಸೊನ್ನೆಯಿಂದ +4ಕ್ಕೆ ಏರಿದ್ದು. ಇನ್ನೊಂದರದು ಕಲ್ಲಿನೊಳಗೆ ಐವತ್ತು ಕೋಟಿ ವರ್ಷಕ್ಕೂ ಹೆಚ್ಚು ಕಾಲ +4 ಆಗಿಯೇ ಮಲಗಿದ್ದು, ಈಗ ಎದ್ದು ಹೊರಟಿದೆ. ಹೊರಗೆ ಬಂದ ಮೇಲೆ ಅಣುವಿನ ಮೇಲೆ ಯಾವ ಗುರುತೂ ಇರುವುದಿಲ್ಲ. ಶುದ್ಧ ಸುಣ್ಣದ ಕಲ್ಲು 100 ಕಿಲೋ ಸುಟ್ಟರೆ 56 ಕಿಲೋ ಸುಣ್ಣ, 44 ಕಿಲೋ ಅನಿಲ. ಒಂದು ಟನ್ ಕ್ಲಿಂಕರ್‌ಗೆ ಹೆಚ್ಚುಕಡಿಮೆ ಒಂದೂವರೆ ಟನ್ ಕಲ್ಲು ಹೋಗುತ್ತದೆ. ಕಲ್ಲಿದ್ದಲಿನ ಪಾಲನ್ನೂ ಕೂಡಿಸಿ ನೋಡಿದರೆ, ಗೂಡಿನಿಂದ ಬರುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಐದರಲ್ಲಿ ಮೂರು ಪಾಲು ಕಲ್ಲಿನದು, ಎರಡು ಪಾಲು ಕಲ್ಲಿದ್ದಲಿನದು.

ನನ್ನ ಮೇಷ್ಟ್ರ ಪ್ರಶ್ನೆ ಪರೀಕ್ಷೆಯ ಪ್ರಶ್ನೆ ಮಾತ್ರ ಆಗಿರಲಿಲ್ಲ ಎಂದು ನನಗೆ ಗೊತ್ತಾದದ್ದು ಈ ಲೆಕ್ಕ ಕಂಡ ಮೇಲೆ. ಭೂಮಿ ಬಿಸಿಯಾಗುತ್ತಿದೆ, ಕಲ್ಲಿದ್ದಲು ಬಿಡಿ, ಸೂರ್ಯನಿಂದ ವಿದ್ಯುತ್ ತೆಗೆಯಿರಿ ಎನ್ನುತ್ತಾರೆ. ವಿದ್ಯುತ್ ಸ್ಥಾವರಕ್ಕೆ ಆ ಮಾತು ಪೂರ್ತಿ ಒಪ್ಪುತ್ತದೆ, ಅಲ್ಲಿ ನಡೆಯುವುದು ಬರೀ ರೆಡಾಕ್ಸ್. ಸಿಮೆಂಟ್ ಗೂಡಿಗೆ ಅರ್ಧವೂ ಒಪ್ಪುವುದಿಲ್ಲ. ಕಲ್ಲಿದ್ದಲಿನ ಬದಲು ಬಿಸಿಲಿನಿಂದಲೇ ಗೂಡು ಕಾಯಿಸಿದರೂ ಕಲ್ಲಿನೊಳಗಿನ +4 ಇಂಗಾಲ ಹೊರಗೆ ಬಂದೇ ಬರುತ್ತದೆ. ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡ್ ಹೊಗೆಯಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನದು. ಅದನ್ನು ಇಳಿಸಲು ಕ್ಲಿಂಕರ್ ಕಡಿಮೆ ಮಾಡಿ ಹಾರುಬೂದಿ, ಕಬ್ಬಿಣದ ಕಾರ್ಖಾನೆಯ ಗಸಿ ಬೆರೆಸಬೇಕು, ಇಲ್ಲವೇ ಹೊರಬಿದ್ದ ಅನಿಲವನ್ನು ಹಿಡಿದು ಕೂಡಿಹಾಕಬೇಕು. ಉರಿಯುವ ಇಂಗಾಲಕ್ಕೆ ಬದಲಿ ಸಿಕ್ಕೀತು. ಉರಿಯದೇ ಹೊರಡುವ ಇಂಗಾಲಕ್ಕೆ ಬೇರೆಯದೇ ಉಪಾಯ ಬೇಕು. ಅಂದು ಸೊನ್ನೆ ಪಡೆದ ಹುಡುಗ ಈ ಎರಡನ್ನೂ ಒಂದೇ ಎಂದುಕೊಂಡಿದ್ದ. ದೊಡ್ಡವರ ಚರ್ಚೆಗಳಲ್ಲೂ ಅದೇ ಗೊಂದಲ ಕೇಳಿದ್ದೇನೆ, ಅವರಿಗೆ ಸೊನ್ನೆ ಹಾಕುವವರು ಯಾರೂ ಇಲ್ಲ.

ಗೂಡಿನಲ್ಲಿ ಗಾಳಿ ಸಾಲದಿದ್ದರೆ ಏನಾಗುತ್ತದೆ? ಇಂಗಾಲ ಪೂರ್ತಿ +4ಕ್ಕೆ ಏರಲಾರದೆ +2ರಲ್ಲಿ ನಿಲ್ಲುತ್ತದೆ. ಅದು ಕಾರ್ಬನ್ ಮಾನಾಕ್ಸೈಡ್. ಉಸಿರಿಗೂ ಅಪಾಯ, ಧೂಳು ಹಿಡಿಯುವ ಯಂತ್ರಕ್ಕೂ ಅಪಾಯ. ಆ ಯಂತ್ರದಲ್ಲಿ ವಿದ್ಯುತ್ ಕಿಡಿ ಇರುತ್ತದೆ, ಆ ಅನಿಲ ಸಿಡಿಯುವಂಥದು. ಅದರ ಪ್ರಮಾಣ ಮಿತಿ ಮೀರಿದರೆ ಯಂತ್ರ ತಾನೇ ಬಂದ್ ಆಗುವಂತೆ ಕಟ್ಟಿರುತ್ತಾರೆ. ಇದು ಹೋಗಲಿ, ಗಾಳಿ ಸಾಕಾಗಿತ್ತೋ ಇಲ್ಲವೋ ಎಂಬುದು ಕ್ಲಿಂಕರ್ ಉಂಡೆಯನ್ನು ಒಡೆದು ನೋಡಿದರೂ ಗೊತ್ತಾಗುತ್ತದೆ. ಗಾಳಿ ಚೆನ್ನಾಗಿ ಸಿಕ್ಕಿದ್ದರೆ ಒಳಗೂ ಕಪ್ಪು ಬೂದು. ಕಬ್ಬಿಣ ಅಲ್ಲಿ +3ರಲ್ಲಿದೆ. ಗಾಳಿ ಕಡಿಮೆಯಾಗಿದ್ದರೆ ಉಂಡೆಯ ಹೊಟ್ಟೆ ಕಂದು, ಹಳದಿ. ಕಬ್ಬಿಣದ ಒಂದು ಪಾಲು +2ಕ್ಕೆ ಇಳಿದಿದೆ. ಗೂಡಿನ ಒಳಗೆ ಯಾರು ಉಸಿರುಕಟ್ಟಿದ್ದರು ಎಂದು ತಣ್ಣಗಾದ ಮೇಲೂ ಬಣ್ಣ ಸಾಕ್ಷಿ ಹೇಳುತ್ತದೆ.

ಗೂಡಿನಲ್ಲೇ ನಡೆಯುವ ಇನ್ನೊಂದು ಏರಿಕೆ ನನಗೆ ಸಂಕಟ ತರುವಂಥದು. ಕಚ್ಚಾ ಸರಕಿನಲ್ಲಿ, ಕೆಲವು ಗೂಡುಗಳ ಒಳಗೋಡೆಯ ಇಟ್ಟಿಗೆಯಲ್ಲಿ ಸ್ವಲ್ಪ ಕ್ರೋಮಿಯಂ ಇರುತ್ತದೆ, +3ರಲ್ಲಿ. ಅದು ಅಷ್ಟೇನೂ ಉಪದ್ರವಿಯಲ್ಲ. ಗೂಡಿನ ಶಾಖ, ಕ್ಷಾರ, ಆಮ್ಲಜನಕ ಮೂರೂ ಸೇರಿ ಅದರ ಒಂದಂಶವನ್ನು +6ಕ್ಕೆ ಏರಿಸುತ್ತವೆ. +6ರ ಕ್ರೋಮಿಯಂ ನೀರಿನಲ್ಲಿ ಕರಗುತ್ತದೆ, ಚರ್ಮಕ್ಕೆ ಇಳಿಯುತ್ತದೆ. ಗಾರೆ ಕೆಲಸದವರ ಅಂಗೈ ಬಿರಿದು, ತುರಿಕೆ ಎದ್ದು, ವರ್ಷಗಟ್ಟಲೆ ವಾಸಿಯಾಗದೆ ಇರುವುದನ್ನು ನೀವೆಲ್ಲ ನೋಡಿದ್ದೀರಿ. ‘ಸಿಮಿಟ್ ತಿಂದದ’ ಎನ್ನುತ್ತಾರೆ. ಸಿಮೆಂಟಿನ ಕ್ಷಾರ ಅರ್ಧ ಕಾರಣ, ಈ ಕ್ರೋಮಿಯಂ ಇನ್ನರ್ಧ. ಮದ್ದು ಈ ಪಾಠದಲ್ಲೇ ಇದೆ. ಸಿಮೆಂಟ್ ಬೀಸುವಾಗ ಒಂದಿಷ್ಟು ಫೆರಸ್ ಸಲ್ಫೇಟ್ ಹಾಕಿದರೆ ಅದರ ಕಬ್ಬಿಣ +2ರಿಂದ +3ಕ್ಕೆ ತಾನು ಏರಿ, ತನ್ನ ಎಲೆಕ್ಟ್ರಾನನ್ನು ಕ್ರೋಮಿಯಂಗೆ ದಾಟಿಸಿ, ಅದನ್ನು +6ರಿಂದ +3ಕ್ಕೆ ಇಳಿಸುತ್ತದೆ. ಯುರೋಪಿನಲ್ಲಿ 2005ರಿಂದ ನೀರಿಗೆ ಕರಗುವ +6 ಕ್ರೋಮಿಯಂ ಹತ್ತು ಲಕ್ಷ ಪಾಲಿಗೆ ಎರಡು ಪಾಲು ಮೀರಬಾರದೆಂದು ಕಾನೂನಿದೆ. ಮೂರು ಎಲೆಕ್ಟ್ರಾನು ಅತ್ತಿಂದಿತ್ತ ಮಾಡಿದರೆ ಒಬ್ಬ ಗೌಂಡಿಯ ಕೈ ಉಳಿಯುತ್ತದೆ.

ಬಗೆಗಳ ವಿಷಯಕ್ಕೆ ಬರುತ್ತೇನೆ, ದತ್ತಿಯವರು ಗಡಿಯಾರ ನೋಡುತ್ತಿದ್ದಾರೆ. ಪಟ್ಟಿ ಮಾಡಿ ಲಕ್ಷಣ ಹೇಳುವುದು ಈ ನೆಲಕ್ಕೆ ಹೊಸದೇನೂ ಅಲ್ಲ. ಇಲ್ಲಿಂದ ಹತ್ತಿರದ ಮಳಖೇಡದಲ್ಲಿ, ಕಾಗಿಣಾ ದಂಡೆಯ ಆ ಕೋಟೆಯ ಊರಿನಲ್ಲಿ, ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದವರು ಕಾವ್ಯದ ಗುಣ, ದೋಷ, ಅಲಂಕಾರಗಳನ್ನು ಬಗೆಬಗೆಯಾಗಿ ವಿಂಗಡಿಸಿ ಕವಿರಾಜಮಾರ್ಗ ಕಟ್ಟಿದರು. ಅಲಂಕಾರದ ಹೆಸರು ಬಾಯಿಪಾಠ ಮಾಡಿದವನಿಗೆ ಕಾವ್ಯ ಬರುವುದಿಲ್ಲ. ರೆಡಾಕ್ಸ್‌ನ ಸಂಯೋಗ, ವಿಭಜನ, ಸ್ಥಾನಪಲ್ಲಟ ಮುಂತಾದ ಹೆಸರುಗಳ ಕತೆಯೂ ಅಷ್ಟೇ. ಹೆಸರು ಹೊರಗಿನ ವೇಷ ಹೇಳುತ್ತದೆ, ಕೂಡಿದರು, ಒಡೆದರು, ಒಬ್ಬರ ಜಾಗಕ್ಕೆ ಇನ್ನೊಬ್ಬರು ಬಂದರು ಎಂದು. ಒಳಗಿನ ವಹಿ ತೆಗೆಯದೆ ಅದು ರೆಡಾಕ್ಸ್ ಹೌದೋ ಅಲ್ಲವೋ ಹೇಳಲಾಗದು.

ಸಂಯೋಗಕ್ಕೆ ಎಲ್ಲರೂ ಕೊಡುವ ಉದಾಹರಣೆ ಜಂಗು, ಪುಸ್ತಕದ ಮಾತಿನಲ್ಲಿ ತುಕ್ಕು. ನಮ್ಮ ಸಿಮೆಂಟಿನ ಜೊತೆಗೆ ಅದಕ್ಕೆ ವಿಚಿತ್ರ ನಂಟಿದೆ. ಹೊಸ ಕಾಂಕ್ರೀಟಿನ ಪಿಎಚ್ 12.5 ದಾಟಿರುತ್ತದೆ. ಅಷ್ಟು ಕ್ಷಾರದಲ್ಲಿ ಒಳಗಿನ ಕಬ್ಬಿಣದ ಸರಳು ತನ್ನ ಮೈಮೇಲೆ ತೆಳ್ಳಗಿನ ಆಕ್ಸೈಡ್ ಪದರ ಹೊದ್ದು ಸುಮ್ಮನೆ ಇರುತ್ತದೆ. ವರ್ಷ ಕಳೆದಂತೆ ಗಾಳಿಯ ಇಂಗಾಲದ ಡೈಆಕ್ಸೈಡ್ ಬಿರುಕಿನಲ್ಲಿ ಇಳಿದು ಸುಣ್ಣದಂಶವನ್ನು ಮರಳಿ ಕಾರ್ಬೊನೇಟ್ ಮಾಡುತ್ತದೆ. ಗೂಡಿನಿಂದ ಹಾರಿಹೋಗಿದ್ದ ಅತಿಥಿ ಮನೆಗೆ ವಾಪಸ್ ಬಂದಹಾಗೆ. ಇಲ್ಲೂ ಯಾರ ಖಾತೆಯೂ ಬದಲಾಗಿಲ್ಲ, ಇದು ರೆಡಾಕ್ಸ್ ಅಲ್ಲ. ಆದರೆ ಪಿಎಚ್ ಒಂಬತ್ತರ ಹತ್ತಿರ ಇಳಿದು ಸರಳಿನ ಹೊದಿಕೆ ಕಳಚುತ್ತದೆ. ತೇವ, ಆಮ್ಲಜನಕ ಎರಡೂ ಸಿಕ್ಕ ಕಬ್ಬಿಣ ಎಲೆಕ್ಟ್ರಾನು ಬಿಡತೊಡಗುತ್ತದೆ, ಜಂಗು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ, ಸ್ಲ್ಯಾಬಿನ ಹಕ್ಕಳೆ ಉದುರುತ್ತದೆ. ರೆಡಾಕ್ಸ್ ಅಲ್ಲದ ಕ್ರಿಯೆ ಬಾಗಿಲು ತೆರೆಯಿತು, ರೆಡಾಕ್ಸ್ ಒಳಗೆ ನುಗ್ಗಿತು. ಸರಳೇ ಇಲ್ಲದ ಹಳೆಯ ಪರಸಿ ಮನೆಗಳಿಗೆ ಈ ರೋಗವಿಲ್ಲ. ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ ಅಶೋಕ ರಾಜನ ಹೆಸರು ಕೆತ್ತಿದ ಸುಣ್ಣದ ಕಲ್ಲಿನ ಫಲಕ ಶತಮಾನಗಟ್ಟಲೆ ಮಣ್ಣಿನಲ್ಲಿದ್ದು ಅಕ್ಷರ ಉಳಿಸಿಕೊಂಡಿದೆ. ಸುಣ್ಣದ ಕಲ್ಲಿನ ಖಾತೆಯಲ್ಲಿ ಏರಲು ಇಳಿಯಲು ಹೆಚ್ಚೇನೂ ಇಲ್ಲ, ಎಲ್ಲ ತೀರುವಳಿ ಆದ ವಹಿ ಅದು.

ಪೂರ್ತಿ ತೀರುವಳಿ ಎಂದರೆ ಉತ್ಪ್ರೇಕ್ಷೆಯಾಯಿತು. ಕಲ್ಲಿನಲ್ಲಿ ಚಿಟಿಕೆಯಷ್ಟು ಕಬ್ಬಿಣ ಇರುತ್ತದೆ, ಅದು ಸುಮ್ಮನಿರುವುದಿಲ್ಲ. ಶಹಾಬಾದ್ ಪರಸಿಯಲ್ಲಿ ಬೂದು, ಹಸಿರು ಛಾಯೆ, ಹಳದಿ, ಗುಲಾಬಿ ಎಲ್ಲ ಬರುತ್ತವೆ. ಗುಲಾಬಿ, ಕೆಂಪಿಗೆ ಕಾರಣ +3ರ ಕಬ್ಬಿಣ, ಹಸಿರು ಛಾಯೆಗೆ ಬಹುಮಟ್ಟಿಗೆ +2ರದು. ಚಿಂಚೋಳಿ ಕಡೆ ಹೋಗುತ್ತಾ ನೆಲದ ಬಣ್ಣವೇ ತಿರುಗುತ್ತದೆ. ಆರೂವರೆ ಕೋಟಿ ವರ್ಷಕ್ಕೂ ಹಿಂದೆ ಹರಿದು ಗಟ್ಟಿಯಾದ ಲಾವಾದ ಕರಿಕಲ್ಲು, ಅದರೊಳಗಿನ ಕಬ್ಬಿಣ ಬಹುಪಾಲು +2. ಮಳೆ, ಬಿಸಿಲು, ಗಾಳಿ ಕೂಡಿ ಕೋಟಿಗಟ್ಟಲೆ ವರ್ಷ ಅದನ್ನು +3ಕ್ಕೆ ಏರಿಸಿ, ಕರಗುವುದನ್ನೆಲ್ಲ ತೊಳೆದು, ಉಳಿಸಿದ್ದೇ ಕೆಂಪು ಮುರುಮು, ಲ್ಯಾಟರೈಟ್. ಆ ಕೆಂಪು ಮಣ್ಣು ಮತ್ತೆ ಸಿಮೆಂಟ್ ಗೂಡಿಗೇ ಕಬ್ಬಿಣದ ಅಂಶಕ್ಕೆಂದು ಲಾರಿ ಏರುತ್ತದೆ.

ಮಾತು ಕೊಟ್ಟಂತೆ ಒಂದು ಹೆಜ್ಜೆ ಆಚೆಗೆ. ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿ. ಅದೂ ಇದೇ ಸುಣ್ಣದ ಕಲ್ಲಿನ ಸೀಮೆ, ಭೂವಿಜ್ಞಾನಿಗಳು ಭೀಮಾ ಕೊಳ ಎನ್ನುವುದು. ಅಲ್ಲಿ ಯುರೇನಿಯಂ ಸಿಕ್ಕಿದೆ. +6ರ ಯುರೇನಿಯಂ ನೀರಿನಲ್ಲಿ ಕರಗಿ ಊರೂರು ಅಲೆಯುವ ಫಕೀರ. ನೆಲದ ಬಿರುಕಿನಲ್ಲಿ ಹರಿಯುತ್ತ ಸಾವಯವ ಅಂಶ, ಪೈರೈಟ್ ಇರುವ ಕಲ್ಲಿಗೆ ತಾಕಿದರೆ ಅವು ಎಲೆಕ್ಟ್ರಾನು ಕೊಟ್ಟು ಅದನ್ನು +4ಕ್ಕೆ ಇಳಿಸುತ್ತವೆ. +4 ಕರಗುವುದಿಲ್ಲ, ಅಲ್ಲೇ ಠಿಕಾಣಿ ಹೂಡುತ್ತದೆ. ಎರಡು ಅಂಕದ ವ್ಯತ್ಯಾಸಕ್ಕೆ ಅದಿರು ಒಂದು ಕಡೆ ಸೇರುತ್ತದೆ.

ಸ್ಥಾನಪಲ್ಲಟಕ್ಕೆ ವಾಡಿಗೆ ಬರಬೇಕು. ಸಿಕಂದರಾಬಾದಿನಿಂದ ನಿಜಾಮರ ರೈಲು 1874ರಲ್ಲಿ ವಾಡಿಗೆ ಬಂದು ಮುಂಬಯಿ ಮದರಾಸು ಹಾದಿಗೆ ಕೂಡಿತು, ಅಂದಿನಿಂದ ಅದು ಜಂಕ್ಷನ್. ಹಳಿ ಬೆಸೆಯುವುದನ್ನು ನೋಡಿದ್ದೀರಾ? ಎರಡು ಹಳಿಯ ನಡುವಿನ ಸಂದಿಗೆ ಅಚ್ಚು ಕಟ್ಟಿ, ಮೇಲೊಂದು ಮೂಸೆ ಇಟ್ಟು, ಕಬ್ಬಿಣದ ಆಕ್ಸೈಡ್ ಮತ್ತು ಅಲ್ಯುಮಿನಿಯಂ ಪುಡಿಗೆ ಬೆಂಕಿ ಕೊಡುತ್ತಾರೆ. ಕಣ್ಣು ಕುಕ್ಕುವ ಬಿಳಿ ಬೆಳಕು, 2000 ಡಿಗ್ರಿಗೂ ಮೇಲಿನ ಶಾಖ, ಕೆಲವೇ ಕ್ಷಣದಲ್ಲಿ ಕರಗಿದ ಉಕ್ಕು ಸಂದಿಗೆ ಸುರಿಯುತ್ತದೆ. ಅಲ್ಯುಮಿನಿಯಂ ಸೊನ್ನೆಯಿಂದ +3ಕ್ಕೆ ಏರಿ ಆಮ್ಲಜನಕವನ್ನು ಕಸಿಯಿತು, ಕಬ್ಬಿಣ +3ರಿಂದ ಸೊನ್ನೆಗೆ ಇಳಿದು ಲೋಹವಾಯಿತು. ಜಂಗನ್ನು ಹಿಂದಕ್ಕೆ ತಿರುಗಿಸಿದ ಕ್ರಿಯೆ ಇದು. ಜರ್ಮನಿಯ ಹ್ಯಾನ್ಸ್ ಗೋಲ್ಡ್‌ಸ್ಮಿತ್ 1895ರಲ್ಲಿ ಇದಕ್ಕೆ ಪೇಟೆಂಟ್ ಪಡೆದ, 1899ರಲ್ಲಿ ಎಸ್ಸೆನ್ ಊರಿನ ಟ್ರಾಮ್ ಹಳಿ ಮೊದಲು ಹೀಗೆ ಬೆಸೆದರು. ಹುಡುಗನಾಗಿದ್ದಾಗ ಒಂದು ರಾತ್ರಿ ದೂರದಿಂದ ಆ ಬೆಳಕು ಕಂಡು ಮಿಂಚು ನೆಲಕ್ಕೆ ಬಿತ್ತೆಂದು ಮನೆಗೆ ಓಡಿದ್ದೆ. ಅದೇ ಅಲ್ಯುಮಿನಿಯಂ ಪುಡಿ ಸುಣ್ಣ, ಸಿಮೆಂಟಿನ ರಾಡಿಯೊಳಗೆ ಬಿದ್ದರೆ ನೀರಿನಿಂದ ಜಲಜನಕವನ್ನು ಎಬ್ಬಿಸಿ ಬುರುಗು ಮಾಡುತ್ತದೆ. ಈಗ ಎಲ್ಲ ಕಡೆ ಬಂದಿರುವ ಹಗುರ ಇಟ್ಟಿಗೆಯ ತೂತುಗಳೆಲ್ಲ ಆ ಗುಳ್ಳೆಗಳ ಗುರುತು.

ಇನ್ನೊಂದು ಬಗೆಗೆ ಪುಸ್ತಕದ ಹೆಸರು ಡಿಸ್‌ಪ್ರೊಪೋರ್ಷನೇಷನ್. ತರಗತಿಯಲ್ಲಿ ನಾನು ಅದನ್ನು ಪಾಲಾಗುವುದು ಎನ್ನುತ್ತಿದ್ದೆ. ಒಂದೇ ಮನೆಯ ಅಣ್ಣತಮ್ಮ ಪಾಲಾದಾಗ ಒಬ್ಬನ ತಲೆಗೆ ಸಾಲ, ಇನ್ನೊಬ್ಬನಿಗೆ ಮುಕ್ತಿ. ಅರಳಿದ ಸುಣ್ಣದ ಮೇಲೆ ಕ್ಲೋರಿನ್ ಹಾಯಿಸಿ. ಕ್ಲೋರಿನ್ ಅಣುವಿನಲ್ಲಿ ಇಬ್ಬರೂ ಸೊನ್ನೆ. ಸುಣ್ಣ ತಾಕಿದ ಕೂಡಲೇ ಒಬ್ಬ −1, ಇನ್ನೊಬ್ಬ +1. ಅದೇ ಬ್ಲೀಚಿಂಗ್ ಪೌಡರ್, ಗ್ಲಾಸ್ಗೋದ ಚಾರ್ಲ್ಸ್ ಟೆನೆಂಟ್ 1799ರಲ್ಲಿ ಪೇಟೆಂಟ್ ಪಡೆದದ್ದು. ಬೇಸಿಗೆಯಲ್ಲಿ ಬಾವಿಗೆ, ಪಂಚಾಯತಿ ಟ್ಯಾಂಕಿಗೆ ಸುರಿಯುವುದು ಅದನ್ನೇ. ಕೆಲಸ ಮಾಡುವವನು +1ರವನು, ಕ್ರಿಮಿಯಿಂದ ಎಲೆಕ್ಟ್ರಾನು ಕಸಿದು ಅದನ್ನು ಕೊಲ್ಲುತ್ತಾನೆ. ಮನೆಯಲ್ಲಿ ಹೆಣ್ಣುಮಕ್ಕಳಿಗೆ, ಪಾಯಖಾನೆ ತೊಳೆಯುವವರಿಗೆ ಒಂದು ಮಾತು ಮುಟ್ಟಿಸಿ. ಬ್ಲೀಚಿಂಗ್ ಪೌಡರ್ ಜೊತೆ ಆಸಿಡ್ ಸೇರಿಸಬೇಡಿ, ಇನ್ನೂ ಬೆಳ್ಳಗಾಗಲಿ ಎಂದು ಎರಡನ್ನೂ ಸುರಿಯಬೇಡಿ. ಆಸಿಡ್ ಬಿದ್ದರೆ ಪಾಲಾದ ಅಣ್ಣತಮ್ಮ ಮತ್ತೆ ಕೂಡುತ್ತಾರೆ, −1 ಮತ್ತು +1 ಎರಡೂ ಸೊನ್ನೆಗೆ ಬರುತ್ತವೆ, ಮುಚ್ಚಿದ ಕೋಣೆಯಲ್ಲಿ ಕ್ಲೋರಿನ್ ಏಳುತ್ತದೆ. ಅದು ಪುಪ್ಪುಸ ಸುಡುವ ಅನಿಲ.

ಕೊನೆಗೆ ನನ್ನ ಸೊನ್ನೆಯ ಪ್ರಶ್ನೆಗೆ ಬಂದೆ. ವಿಭಜನೆಯೂ ಹೌದು, ರೆಡಾಕ್ಸೂ ಹೌದು. ಪುಸ್ತಕದ ಉತ್ತರ ಪೊಟ್ಯಾಸಿಯಂ ಕ್ಲೋರೇಟ್. ನಮ್ಮೂರಿನ ಉತ್ತರ ಖಣಿಯಲ್ಲೇ ಇತ್ತು, ನಾನು ಕಲ್ಲು ನೋಡಿದೆ, ಕಲ್ಲು ಒಡೆಯುವುದನ್ನು ನೋಡಲಿಲ್ಲ. ಮಧ್ಯಾಹ್ನ ಸೈರನ್ ಕೂಗುತ್ತದೆ, ಎಲ್ಲರೂ ದೂರ ಸರಿಯುತ್ತಾರೆ, ನೆಲ ಒಮ್ಮೆ ಮೈ ಝಾಡಿಸುತ್ತದೆ, ಕಿಟಕಿಯ ಗಾಜು ಗದಗುಡುತ್ತದೆ. ಕುಳಿಯಲ್ಲಿ ತುಂಬಿದ್ದು ಹೆಚ್ಚಾಗಿ ಅಮೋನಿಯಂ ನೈಟ್ರೇಟ್, ನೂರರಲ್ಲಿ ಆರು ಪಾಲು ಡೀಸೆಲ್ ಥರದ ಎಣ್ಣೆ. ಆ ಉಪ್ಪಿನ ವಹಿ ತೆಗೆದರೆ ಒಂದೇ ಮನೆಯಲ್ಲಿ ಸಾರಜನಕದ ಎರಡು ಖಾತೆ ಕಾಣುತ್ತವೆ: ಅಮೋನಿಯಂ ಕಡೆ −3, ನೈಟ್ರೇಟ್ ಕಡೆ +5. ಸಿಡಿದಾಗ ಇಬ್ಬರೂ ಓಡಿಬಂದು ಸೊನ್ನೆಯಲ್ಲಿ ಕೂಡುತ್ತಾರೆ, ಗಾಳಿಯ ಸಾರಜನಕವಾಗುತ್ತಾರೆ. ಬ್ಲೀಚಿಂಗ್ ಪೌಡರಿನ ಅಣ್ಣತಮ್ಮಂದಿರಂತೆಯೇ. ಮಿಗುವ ಆಮ್ಲಜನಕವನ್ನು ಎಣ್ಣೆ ತಿನ್ನುತ್ತದೆ. ಉಪ್ಪಿಗೆ ನೀರು ತಗುಲಿದ್ದರೆ, ಎಣ್ಣೆಯ ಪಾಲು ಕಡಿಮೆಯಾಗಿದ್ದರೆ, ಕೆಲವು ಸಾರಜನಕ ಸೊನ್ನೆ ತಲುಪದೆ +4ರಲ್ಲೇ ಸಿಕ್ಕಿಬೀಳುತ್ತದೆ. ಬ್ಲಾಸ್ಟ್ ಆದ ಮೇಲೆ ಕಿತ್ತಳೆ ಬಣ್ಣದ ಹೊಗೆ ಎದ್ದರೆ ಅದು ಇದೇ. ಅತ್ತ ಕಡೆ ಹೋಗಬೇಡಿ.

ಖಣಿಯ ಬದುವಿಗೇ ಹತ್ತಿಕೊಂಡು ತೊಗರಿ ಹೊಲ ಇರುತ್ತದೆ. ನಮ್ಮ ಜಿಲ್ಲೆಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಮಣ್ಣಿನಲ್ಲಿ ಕ್ಯಾಲ್ಸಿಯಂ ಹೆಚ್ಚೆಂಬುದೂ ಅದರ ರುಚಿಗೆ ಹೇಳುವ ಕಾರಣಗಳಲ್ಲಿ ಒಂದು. ಖಣಿ ಗುಡುಗಿ ಸೊನ್ನೆಗೆ ತಂದ ಸಾರಜನಕವನ್ನು ತೊಗರಿ ಬೇರಿನ ಗಂಟಿನೊಳಗಿನ ರೈಜೋಬಿಯಂ ಸದ್ದಿಲ್ಲದೆ −3ಕ್ಕೆ ಇಳಿಸಿ ಅಮೋನಿಯ ಮಾಡುತ್ತದೆ. ಕಾರ್ಖಾನೆಯಲ್ಲಿ ಅದೇ ಕೆಲಸಕ್ಕೆ 400 ಡಿಗ್ರಿ ಮೀರಿದ ಶಾಖ, 200 ವಾತಾವರಣದಷ್ಟು ಒತ್ತಡ ಬೇಕು. ಬೇರಿನಲ್ಲಿ ಹೊಲದ ಮಣ್ಣಿನ ತಂಪೇ ಸಾಕು, ಖರ್ಚು ಮಾತ್ರ ಗಿಡ ತನ್ನ ಸಕ್ಕರೆಯಿಂದ ಕೊಡಬೇಕು. ಸಾರಜನಕ ಎಂದರೆ ಸಾರವನ್ನು ಹುಟ್ಟಿಸುವುದು, ಈ ಒಂದು ಕಡೆ ಆ ಕನ್ನಡ ಹೆಸರು ಆಮ್ಲಜನಕದಂತೆ ಸುಳ್ಳಾಡುವುದಿಲ್ಲ. ಬೇರಿನ ಗಂಟಿನಲ್ಲಿ ಸಾರಜನಕವನ್ನು ಅಮೋನಿಯ ಮಾಡುವ ಕಿಣ್ವ ಆಮ್ಲಜನಕ ತಾಕಿದರೆ ಕೆಟ್ಟುಹೋಗುತ್ತದೆ. ಅದಕ್ಕೆಂದು ಗಂಟಿನೊಳಗೆ ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ದಾಯಾದಿಯಾದ ಒಂದು ಪ್ರೋಟೀನ್ ಇದೆ. +2ರ ಕಬ್ಬಿಣ ಹಿಡಿದುಕೊಂಡು ಆಮ್ಲಜನಕವನ್ನು ಅಳೆದು ಅಳೆದು ಕೊಡುತ್ತದೆ.

ಹಿಂದೆ ಗೋಡೆಗೆ ಒರಗಿದವರಿಗೆ ಒಂದು ಮನೆಗೆಲಸ. ತೊಗರಿ ಹೂ ಬಿಡುವ ಮುಂಚೆ, ಹೊಲದವರನ್ನು ಕೇಳಿ ಒಂದು ಗಿಡವನ್ನು ಬೇರುಸಹಿತ ಮಣ್ಣಿನೊಡನೆ ಎತ್ತಿ. ಕೀಳಬೇಡಿ, ಗಂಟು ಉದುರುತ್ತವೆ. ನೀರಿನಲ್ಲಿ ಮೆಲ್ಲಗೆ ತೊಳೆದು ಒಂದು ಗಂಟನ್ನು ಬ್ಲೇಡಿನಿಂದ ಕೊಯ್ಯಿರಿ. ಒಳಗೆ ಗುಲಾಬಿ ಇದ್ದರೆ ಕೆಲಸ ನಡೆದಿದೆ. ಹಸಿರೋ ಬೂದು ಬಣ್ಣವೋ ಇದ್ದರೆ ನಿಂತಿದೆ.